ಲಿಂಗ ಹಿಡಿದ ಎಡಗೈ

ಶಿವಭಕ್ತರೆಲ್ಲರಿಗೆ ಬನವಾಸಿಯ ಒಬ್ಬ ಬೆಲ್ಲದ ವ್ಯಾಪಾರಿಯ ಶರಣಾರ್ಥಿ.

೧೯೬೪ರ ಶ್ರಾವಣದಲ್ಲಿ ನನ್ನ ಹೆಂಡತಿ ನೀಲವ್ವನಿಗೆ ಬೆನ್ನುನೋವು ಶುರುವಾಯಿತು. ನಾನು ನಂಬಲಿಲ್ಲ. "ಕೆಲಸದ ಹೊತ್ತಿಗೇ ಬರ್ತೈತಲ್ಲ ನಿನ್ನ ಬ್ಯಾನಿ" ಎಂದು ಹಂಗಿಸಿದೆ. ದೀಪಾವಳಿಗೆ ಅವಳು ಹಾಸಿಗೆ ಹಿಡಿದಳು. ವಾಯು ಇರಬೇಕೆಂದು ಎಣ್ಣೆ ತಿಕ್ಕುವ ಮುದುಕಿಯನ್ನು ಕರೆಸಿದೆ. ಜೋರಾಗಿ ತಿಕ್ಕು ಎಂದವನೂ ನಾನೇ. ಪಕ್ಕೆಯಲ್ಲಿ ಲಟಕ್ಕೆಂದಿತು. ಅವಳು ಚೀರಿದ್ದು ಓಣಿಗೆಲ್ಲ ಕೇಳಿತು.

ಶಿರಸಿಯ ಡಾಕ್ಟರು ಹುಬ್ಬಳ್ಳಿಯಲ್ಲಿ ಎಕ್ಸರೇ ತೆಗೆಸಲು ಹೇಳಿದರು. ಯಲ್ಲಾಪುರದ ಮೇಲಿಂದ ಹೋಗುವ ಬಸ್ಸಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತಗ್ಗು ಬಂದಾಗಲೆಲ್ಲ ನರಳುತ್ತಿದ್ದಳು. ಶಿವನೇ, ಇವಳನ್ನು ಉಳಿಸಿಕೊಡು ಎಂದು ದಾರಿಯುದ್ದಕ್ಕೂ ಬೇಡಿದೆ.

ಎಕ್ಸರೇ ತೆಗೆಯುವವನು ಅವಳ ಎದೆಯ ಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆ ನೋಡಿ, "ಅದನ್ನ ತಗೀರಿ, ಪ್ಲೇಟಿನ್ಯಾಗ ಕಲೆ ಬೀಳ್ತೈತಿ" ಎಂದ.

"ಜೀವ ಇರೂತನಕ ಲಿಂಗ ಮೈ ಬಿಡಂಗಿಲ್ರಿ" ಎಂದಳು ನೀಲವ್ವ.

"ಹಟ ಮಾಡಬ್ಯಾಡ" ಎಂದು ನಾನು ಗದರಿದೆ. ಅವಳು ಜಗ್ಗಲಿಲ್ಲ. ಕೊನೆಗೆ ಅವನೇ ಬೇಸತ್ತು, "ಕೈಯಾಗ ಹಿಡ್ಕೊಂಡು ಕೈ ಚಾಚ್ರಿ" ಎಂದ. ಅವಳು ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ತೋಳು ಚಾಚಿ ಮಲಗಿದಳು.

ಅಲ್ಲಿಯ ಡಾಕ್ಟರು ಪ್ಲೇಟುಗಳನ್ನು ಬೆಳಕಿಗೆ ಹಿಡಿದರು. ಪಕ್ಕೆಲುಬು, ಬೆನ್ನು, ತಲೆಬುರುಡೆ, ಎಲ್ಲ ಕಡೆ ಹುಳು ಕೊರೆದ ಕಟ್ಟಿಗೆಯಂತೆ ತೂತು. "ಎಲುಬಿನ ಮಜ್ಜೆಯ ಕ್ಯಾನ್ಸರು. ವಾಸಿ ಆಗಂಗಿಲ್ಲ" ಎಂದರು. ಆಮೇಲೆ, "ಈ ಪಕ್ಕೆಲುಬು ಹ್ಯಾಂಗ ಮುರೀತು?" ಎಂದು ಕೇಳಿದರು.



"ಬಚ್ಚಲದಾಗ ಜಾರಿ ಬಿದ್ದಿದ್ದೆರಿ" ಎಂದಳು ನೀಲವ್ವ.

ಅಯ್ಯೋ ಶಿವನೇ, ಇಂಥವಳನ್ನೇ ಕರೆದುಕೊಳ್ಳುತ್ತೀಯಾ? ನನ್ನಲ್ಲಿ ಬೇಡುವ ಶಕ್ತಿಯೂ ಉಳಿಯಲಿಲ್ಲ. ಅಷ್ಟರಲ್ಲಿ ಡಾಕ್ಟರ ಬೆರಳು ಪ್ಲೇಟಿನ ಅಂಚಿನಲ್ಲಿ ನಿಂತಿತು. ಲಿಂಗ ಹಿಡಿದು ಚಾಚಿದ ತೋಳೂ ಅದರಲ್ಲಿ ಬಿದ್ದಿತ್ತು. ಅದರ ಎಲುಬು ಒಂದು ಕಡೆ ಸಿಪ್ಪೆಯಷ್ಟೇ ಉಳಿದಿತ್ತು. "ಕೈ ನೋವಂತ ಇವರು ಹೇಳೇ ಇಲ್ಲ. ಇದನ್ನ ನಾವು ನೋಡ್ತಿರಲಿಲ್ಲ. ಒಂದು ಕೊಡ ಎತ್ತಿದ್ರ ಮುರೀತಿತ್ತು" ಎಂದರು. ಆ ತೋಳಿಗೆ ಪಟ್ಟಿ ಕಟ್ಟಿ, ಹಲವು ದಿನ ಇಟ್ಟುಕೊಂಡು ಕ್ಯಾನ್ಸರು ಸುಡುವ ಕರೆಂಟು ಕೊಟ್ಟರು.

ಮುಂದೆ ಎಂಟು ತಿಂಗಳು ಬದುಕಿದಳು. ಬೆನ್ನು ಬಾಗಿತು, ಕಾಲು ಸ್ವಾಧೀನ ತಪ್ಪಿತು. ಆ ತೋಳು ಮಾತ್ರ ಮುರಿಯಲಿಲ್ಲ. ದಿನಾ ಬೆಳಿಗ್ಗೆ ನಾನು ಹಿಂದೆ ಆತುಕೊಂಡು ಕೂಡಿಸುತ್ತಿದ್ದೆ, ಅವಳು ಅಂಗೈಯಲ್ಲಿ ಲಿಂಗಪೂಜೆ ಮಾಡುತ್ತಿದ್ದಳು. ಒಂದು ದಿನ ತಡೆಯಲಾರದೆ, "ಡಾಕ್ಟರ ಮುಂದ ಸುಳ್ಳು ಯಾಕ ಹೇಳಿದಿ?" ಎಂದೆ.

"ಸುಮ್ನಿರ್ರಿ, ಪೂಜಿ ಹೊತ್ತು" ಎಂದು ನನ್ನ ಹಣೆಗೂ ವಿಭೂತಿ ಹಚ್ಚಿದಳು.

ನಾನು ಬೇಡಿದ್ದು ಅವಳ ಜೀವ. ಶಿವ ಉಳಿಸಿದ್ದು ಒಂದು ಕೈ. ಸಾಲದು, ಇವತ್ತಿಗೂ ಸಾಲದು. ಆದರೂ ಅವನಿಗೆ ಅಡ್ಡಬಿದ್ದಿದ್ದೇನೆ. ನಮ್ಮ ಪದ್ಧತಿಯಂತೆ ಅವಳನ್ನು ಕೂಡಿಸಿ ಮಣ್ಣು ಮಾಡುವಾಗ ಆ ಅಂಗೈಯಲ್ಲಿ ಲಿಂಗವಿಟ್ಟವನು ನಾನೇ. ಕೈ ನೆಟ್ಟಗಿತ್ತು.