ಮಾತ್ರೆ ಶೀಟಿನ ಕೆರೆ

ಆಂಟಿಯ ಬಲಗೈ ಹೆಬ್ಬೆರಳಿನ ಮೇಲೆ ಯಾವಾಗಲೂ ಒಣಗಿದ ಅಂಟಿನ ಒಂದು ಪದರ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಉಗುರಿನಿಂದ ಎಬ್ಬಿಸಿ, ಹಾಲಿನ ಕೆನೆ ತೆಗೆದ ಹಾಗೆ ಮೆಲ್ಲಗೆ ಎಳೆಯುತ್ತಿದ್ದರು. ಹರಿಯದೆ ಇಡಿಯಾಗಿ ಬಂದರೆ ಮುಖವೆಲ್ಲ ಅರಳುತ್ತಿತ್ತು. ಬೆಳಕಿಗೆ ಹಿಡಿದು, "ನೋಡಿ ಟೀಚರ್, ಗೆರೆ ಎಲ್ಲಾ ಹೆಂಗ್ ಬಿದ್ದೈತೆ" ಎಂದು ನನಗೂ ತೋರಿಸುತ್ತಿದ್ದರು.

ತುಮಕೂರಿನ ಸದಾಶಿವನಗರದಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದ ಮನೆಯ ಓನರ್ ಅವರು. ನಾನು ಮಹಡಿಯಲ್ಲಿ, ಅವರು ಕೆಳಗೆ. ಬೆಳಗ್ಗೆ ಗುಬ್ಬಿಯ ಸ್ಕೂಲಿಗೆ ಬಸ್ಸು ಹತ್ತಿದರೆ ನಾನು ವಾಪಸ್ ಬರುವುದು ಸಂಜೆಗೆ. ಗೇಟು ಸದ್ದಾದ ಕೂಡಲೇ ಕಿಟಕಿಯಿಂದ ಪ್ರಶ್ನೆ ಬರುತ್ತಿತ್ತು: "ಇವತ್ತು ದಾರೀಲಿ ಏನೇನ್ ನೋಡಿದ್ರಿ?" ದಿನವಿಡೀ ಮಕ್ಕಳ ಮುಂದೆ ಕಿರುಚಿ ಬಂದವಳಿಗೆ ಎಲ್ಲಿಯ ತಾಳ್ಮೆ! "ಏನಿರುತ್ತೆ ಆಂಟಿ, ಅದೇ ರೋಡು, ಅದೇ ಧೂಳು" ಅಂದರೆ, "ಅದೇ ರೋಡನ್ನೇ ಹೇಳಿ, ನಾನೇನ್ ಬ್ಯಾಡ ಅಂದ್ನಾ?" ಎನ್ನುತ್ತಿದ್ದರು.

ಅವರು ಗೇಟು ದಾಟುವಂತಿರಲಿಲ್ಲ. ಅವರ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದು, ನಾನು ಆ ಮನೆಗೆ ಬರುವ ಹೊತ್ತಿಗೇ ಐದು ವರ್ಷವಾಗಿತ್ತು. ಮಾತು ನಿಂತಿತ್ತು, ಎಡಗೈಯೊಂದೇ ಆಡುತ್ತಿತ್ತು. ಆ ಕೈಯಲ್ಲೊಂದು ಸ್ಟೀಲ್ ಚಮಚ. ನೀರು ಬೇಕೆಂದರೂ ಮಂಚದ ಸರಳಿಗೆ ಟಣ್ ಟಣ್, ಮಗ್ಗುಲು ಬದಲಿಸಬೇಕೆಂದರೂ ಟಣ್ ಟಣ್, ಸೊಸೆ ಹತ್ತಿರ ಇದ್ದಾಳೋ ಇಲ್ಲವೋ ಎಂದು ನೋಡಲಿಕ್ಕೂ ಟಣ್ ಟಣ್. ಸತತವಾಗಿ ಹತ್ತು ನಿಮಿಷ ಬಿಡುವು ಸಿಕ್ಕರೆ ಅದೇ ಹೆಚ್ಚು. ಅಂಕಲ್‌ಗೆ ಕುಣಿಗಲ್‌ನಲ್ಲಿ ಪಂಪ್‌ಸೆಟ್ಟಿನ ಅಂಗಡಿ. ರಾತ್ರಿ ಮನೆಗೆ ಬಂದವರು ತಾಯಿಯ ಪಾದ ಮುಟ್ಟಿ ಊಟಕ್ಕೆ ಕೂರುತ್ತಿದ್ದರು. ತಾಯಿಯ ಮೇಲೆ ಅವರಿಗೆ ಅಷ್ಟು ಪ್ರೀತಿ, ಕೆಲಸವೆಲ್ಲ ಹೆಂಡತಿಗೆ.

ಆ ಹತ್ತು ಹತ್ತು ನಿಮಿಷಗಳಲ್ಲಿ ಆಂಟಿ ಹಿತ್ತಲ ವರಾಂಡದಲ್ಲಿ ಕೂತು ಅಂಟಿಸುತ್ತಿದ್ದರು. ಹಳೆಯ ಮರದ ಬೀರುಗಳಿಂದ ಬಿಚ್ಚಿದ ಬಾಗಿಲುಗಳೇ ಅವರ ಹಲಗೆ. ಖಾಲಿ ಮಾತ್ರೆ ಶೀಟು, ಔಷಧಿ ಬಾಟಲಿ ಮುಚ್ಚಳ, ಗ್ಲೂಕೋಸಿನ ಪೈಪು, ಹಳೇ ಎಕ್ಸ್‌ರೇ ಹೀಗೆ ಅತ್ತೆಯ ಕೋಣೆಯಿಂದ ಕಸಕ್ಕೆ ಹೋಗಬೇಕಾದದ್ದನ್ನೆಲ್ಲ ತೊಳೆದು, ಒಣಗಿಸಿ, ಕತ್ತರಿಸಿ ಜೋಡಿಸುತ್ತಿದ್ದರು. ದೂರದಿಂದ ಚಿತ್ರ, ಹತ್ತಿರ ಹೋದರೆ ಮೆಡಿಕಲ್ ಶಾಪು. "ಕಸ ಅಂಟಿಸ್ಕೊಂಡ್ ಕೂತವ್ಳೆ" ಎಂದು ಅಂಕಲ್ ಬಂದವರ ಮುಂದೆ ನಗುತ್ತಿದ್ದರು. ಆಂಟಿಯೂ ನಗುತ್ತಿದ್ದರು, ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ನಾನೂ ಒಮ್ಮೆ ಗುಬ್ಬಿಯ ಗುಜರಿಯಿಂದ ತುಕ್ಕು ಹಿಡಿದ ಒಂದು ಗೊಂಚಲು ಬೀಗದ ಕೈ ತಂದುಕೊಟ್ಟೆ. ಖುಷಿಪಡುತ್ತಾರೆಂದುಕೊಂಡಿದ್ದೆ. ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಚೆನ್ನಾಗವೆ ಟೀಚರ್. ಆದ್ರೆ ನಂಗೆ ಈ ಮನೆಯೊಳಗೆ ಬಂದು ಮತ್ತೆ ಆಚೆಗೆ ಹೋಗಕ್ಕಾಗ್ದೇ ಉಳ್ದೋಗಿದ್ದೇ ಬೇಕು."

ಹತ್ತು ವರ್ಷದಲ್ಲಿ ಏಳು ಬಾಗಿಲು ತುಂಬಿದ್ದವು. ಎಲ್ಲಕ್ಕೂ ದೊಡ್ಡದು ಮಾರ್ಕೋನಹಳ್ಳಿಯ ಡ್ಯಾಮು. ಅದರ ಪಕ್ಕದ ಊರೇ ಅವರ ತವರು. ಮಾತ್ರೆ ಶೀಟಿನ ಬೆಳ್ಳಿಯ ಹಿಂಬದಿಯೇ ನೀರು, ಗ್ಲೂಕೋಸಿನ ಪೈಪು ನಾಲೆ, ಅತ್ತೆಯ ಸೊಂಟದ ಎಕ್ಸ್‌ರೇ ತಲೆಕೆಳಗಾಗಿ ಆಚೆಗಿನ ಬೆಟ್ಟ. ಮಧ್ಯಾಹ್ನದ ಬಿಸಿಲು ಬಿದ್ದರೆ ವರಾಂಡದ ಚಾವಣಿಯ ತುಂಬ ಬೆಳಕು ಅಲುಗಾಡುತ್ತಿತ್ತು. "ತಮ್ಮನ ಮಗಳ ಮದ್ವೆಗೂ ಹೋಗಕ್ಕಾಗ್ಲಿಲ್ಲ. ಬೇಜಾರಾದಾಗ ಇಲ್ಲೇ ಒಂದು ಸುತ್ತು ಹೋಗ್ಬರ್ತೀನಿ" ಎಂದು ಎರಡು ಬೆರಳನ್ನು ಏರಿಯ ಮೇಲೆ ನಡೆಸಿ ತೋರಿಸಿದರು.

"ಅತ್ತೆ ಮೇಲೆ ಕೋಪ ಬರಲ್ವಾ ಆಂಟಿ?" ಎಂದು ಕೇಳಿದ್ದೆ.

"ಬರುತ್ತೆ. ಬಂದಾಗ ಶೀಟು ಕತ್ತರಿಸ್ತೀನಿ. ಒಂದ್ ರಾಶಿ ಕತ್ತರ್ಸೋ ಹೊತ್ಗೆ ಅವ್ರಿಗೇ ಹಸಿವಾಗಿರುತ್ತೆ."

ಮುಗಿದ ಬಾಗಿಲನ್ನು ಅವರು ಮೊದಲು ತೋರಿಸುತ್ತಿದ್ದದ್ದು ಅತ್ತೆಗೇ. ಮುದುಕಿ ತುಂಬ ಹೊತ್ತು ನೋಡಿ, ಸರಳಿಗೆ ಒಂದೇ ಒಂದು ಸಲ ಹೊಡೆಯುತ್ತಿದ್ದರಂತೆ.

ಒಂದು ಬೆಳಗ್ಗೆ ಚಮಚದ ಸದ್ದು ಬರಲಿಲ್ಲ. ಆಂಟಿ ಹೋಗಿ ನೋಡಿದರೆ ಅತ್ತೆ ತೀರಿಕೊಂಡಿದ್ದರು. ಹನ್ನೊಂದರ ತಿಥಿಯ ಮಾರನೆಯ ದಿನ ಮನೆ ತೊಳೆಯಲು ಶುರುವಾಯಿತು. ಸತ್ತವರ ಹಾಸಿಗೆ, ಬಟ್ಟೆ, ಔಷಧಿ ಯಾವುದೂ ಮನೆಯಲ್ಲಿ ಉಳಿಯಬಾರದು ಎಂದು ಅಮೃತೂರಿನಿಂದ ಬಂದಿದ್ದ ಆಂಟಿಯ ನಾದಿನಿ ನಿಂತು ಎಲ್ಲವನ್ನೂ ಕಸದ ಆಟೋಗೆ ಹಾಕಿಸುತ್ತಿದ್ದರು. ಕೆಟ್ಟ ಹೆಂಗಸಲ್ಲ, ಅಳುತ್ತಲೇ ಹಾಕಿಸುತ್ತಿದ್ದರು. ಕೊನೆಗೆ ವರಾಂಡಕ್ಕೆ ಬಂದರು.

"ಇವೂ ಅವ್ವನ ಔಷ್ದಿ ಸಾಮಾನೇ ಅಲ್ವೇನೇ? ಮನೇಗೆ ಒಳ್ಳೇದಲ್ಲ ಕಣೇ. ಹೋಗ್ಲಿ ಬುಡು, ಅದ್ನೂ ಹಾಕ್ಬುಡಿ."

ಅಂಕಲ್ ಕೆಳಗೆ ನೋಡಿದರು. ಆಂಟಿ ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದವರು ನನ್ನ ಕಡೆ ನೋಡಿದರು. ಮಹಡಿಯಲ್ಲಿ ನನ್ನದೊಂದು ರೂಮು ಖಾಲಿಯೇ ಇತ್ತು. 'ನಮ್ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ' ಅಂದಿದ್ದರೆ ಸಾಕಾಗಿತ್ತು. ಬಾಡಿಗೆಯವಳು ಅವರ ಮನೆಯ ವಿಷಯದಲ್ಲಿ ಯಾಕೆ ಬಾಯಿ ಹಾಕಬೇಕು ಅಂದುಕೊಂಡೆ. ಸತ್ತವರ ಸಾಮಾನು ಎಂಬ ಅಳುಕು ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಸುಮ್ಮನಿದ್ದೆ. ಅಷ್ಟೇ ಆಗಿದ್ದರೆ ಸರಿ, ಡ್ಯಾಮಿನ ಬಾಗಿಲು ಭಾರವಾಗಿತ್ತೆಂದು ಒಂದು ಕಡೆ ನಾನೇ ಹಿಡಿದುಕೊಟ್ಟೆ. ಆಟೋದವನು ಜಾಗ ಸಾಲದೆ ಅದನ್ನು ಕಾಲಿನಿಂದ ಒತ್ತಿದ. ಬೆಳ್ಳಿಯ ನೀರೆಲ್ಲ ಚಟಪಟನೆ ಉದುರಿತು.

ಆಮೇಲೆ ಆಂಟಿ ಒಂದನ್ನೂ ಅಂಟಿಸಲಿಲ್ಲ. ಇನ್ನಾದರೂ ಆರಾಮಾಗಿ ಓಡಾಡಿಕೊಂಡಿರಿ ಎಂದು ಎಲ್ಲರೂ ಹೇಳಿದರು. ಅವರು ಅದೇ ವರಾಂಡದಲ್ಲಿ ಕೂತಿರುತ್ತಿದ್ದರು. ಎರಡು ವರ್ಷವೂ ಬದುಕಲಿಲ್ಲ, ಹೋದ ವರ್ಷ ಹೃದಯಾಘಾತವಾಗಿ ಹೋದರು.

ಅದಕ್ಕೂ ಮೊದಲು, ನಾನು ಮನೆ ಖಾಲಿ ಮಾಡುವ ದಿನ ಕೆಳಗೆ ಹೋದೆ. ಎಷ್ಟೋ ತಿಂಗಳಿಂದ ನಾಲಿಗೆ ತುದಿಯಲ್ಲಿದ್ದದ್ದನ್ನು ಕಡೆಗೂ ಹೇಳಿದೆ. "ಆವತ್ತು ನಾನೊಂದ್ ಮಾತು ಆಡ್ಬೇಕಿತ್ತು ಆಂಟಿ."

ಆಂಟಿ ಸಿಟ್ಟಾಗಲಿಲ್ಲ. "ನಾನೇ ಬಾಯ್ಬಿಟ್ಟಿದ್ರೆ, ಅತ್ತೆ ಹೋಗಿದ್ದಕ್ಕಿಂತ ಇವ್ಳಿಗೆ ಕಸದ್ ಚಿಂತೆ ಜಾಸ್ತಿ ಆಯ್ತು ಅಂತಿದ್ರು ಟೀಚರ್. ನೀವ್ ಹೇಳ್ತೀರಾ ಅಂತ ಕಾಯ್ತಾ ನಿಂತಿದ್ದೆ."

ಅಷ್ಟು ಹೇಳಿ ನನಗೆ ಕಾಫಿ ಮಾಡಲು ಒಳಗೆ ಹೋದರು. ನಾನು ತಲೆ ತಗ್ಗಿಸಿ ಕೂತು, ಆ ಕಾಫಿಯನ್ನು ಕುಡಿದೇ ಬಂದೆ.