ದೂಮಪ್ಪನವರ ಸ್ವಂತ ಧ್ವನಿ

ದೂಮಪ್ಪನವರು ನೂರ ಎಂಬತ್ತು ಕನ್ನಡ ಸಿನಿಮಾಗಳಲ್ಲಿ ನಟಿಸಿದ್ದಾರೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಖ ಕಂಡರೆ ಮಾತ್ರ, "ಓ, ಆ ಡಾಕ್ಟರ್!" ಎನ್ನುತ್ತಾರೆ. ಆಪರೇಷನ್ ಥಿಯೇಟರಿನಿಂದ ಹೊರಬಂದು, ಕನ್ನಡಕ ತೆಗೆದು, "ನಮ್ಮ ಕೈಲಾದದ್ದೆಲ್ಲ ಮಾಡಿದ್ದೇವೆ, ಇನ್ನು ದೇವರಿದ್ದಾನೆ" ಎನ್ನುವ ಡಾಕ್ಟರ್. ಪಾಪ, ಅವರ ಕೈಯಲ್ಲಿ ಬದುಕಿ ಉಳಿದ ರೋಗಿಗಳು ಕಡಿಮೆ. ನಡುನಡುವೆ ಜಡ್ಜ್, ಪೋಸ್ಟ್‌ಮಾಸ್ಟರ್, ನಾಯಕಿಯ ಸೋದರಮಾವ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಮನುಷ್ಯ. ಹೀರೋ ಆಗಬೇಕೆಂದು ಕನಸಲ್ಲೂ ಎಣಿಸಿದವರಲ್ಲ.

ಇದ್ದದ್ದು ಒಂದೇ ಕೊರಗು. ಮಂಗಳೂರಿನ ತುಳು ಮನೆಯಿಂದ ಬಂದವರ ಕನ್ನಡದಲ್ಲಿ ಕರಾವಳಿಯ ರಾಗ ಬರುತ್ತದೆಂದು ನಿರ್ಮಾಪಕರು ಪ್ರತಿ ಸಲವೂ ಬೇರೆಯವರಿಂದ ಡಬ್ಬಿಂಗ್ ಮಾಡಿಸಿದರು. ತುಟಿ ದೂಮಪ್ಪನವರದು, ಮಾತು ಇನ್ಯಾರದೋ. ನೂರ ಎಂಬತ್ತರಲ್ಲಿ ಒಂದಕ್ಕಾದರೂ ಅವರದೇ ಧ್ವನಿ ಬಿಡಬಾರದಿತ್ತೇ, ಆ ಪುಣ್ಯಾತ್ಮರು!

ಹೆಂಡತಿ ರಾಜೀವಿಯಮ್ಮ ಮಾತ್ರ ಇದನ್ನು ಒಪ್ಪಿದವರಲ್ಲ. ಸಿನಿಮಾ ನೋಡಿ ಬಂದವರೇ ಗಂಡನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಅದೇ ಮಾತನ್ನು ಅವರ ಬಾಯಿಂದ ಹೇಳಿಸಿ ಕೇಳುತ್ತಿದ್ದರು. ಆಮೇಲೆಯೇ ಊಟ.

ಈಗ ಇಬ್ಬರೂ ವಿದೇಶದಲ್ಲಿ, ಜೂಟರ್‌ಮೀರ್ ಎಂಬ ಊರಿನಲ್ಲಿ, ಮಗಳು ಪೂಜಿತಾಳ ಮನೆಯಲ್ಲಿದ್ದಾರೆ. ಎರಡು ವರ್ಷದಿಂದ ರಾಜೀವಿಯಮ್ಮನಿಗೆ ಮರೆವಿನ ಕಾಯಿಲೆ. ಮಗಳ ಗುರುತು ಇನ್ನೂ ಇದೆ. "ಬಲ ಮಗಾ", ಬಾ ಮಗಳೇ, ಎಂದು ತುಳುವಿನಲ್ಲಿ ಕರೆಯುತ್ತಾರೆ. ಗಂಡನಿಗೆ ಮಾತ್ರ, "ಬನ್ನಿ, ಕೂತ್ಕೊಳ್ಳಿ" ಎಂದು ಕನ್ನಡ. ಆ ಮನೆಯಲ್ಲಿ ಕನ್ನಡ ಹೊರಗಿನವರಿಗಾಗಿ ಇಟ್ಟ ಭಾಷೆ. ಐವತ್ತು ವರ್ಷ ಸಂಸಾರ ಮಾಡಿದವಳ ಬಾಯಿಂದ ಆ ಮರ್ಯಾದೆಯ ಕನ್ನಡ ಕೇಳಿದಾಗಲೆಲ್ಲ ದೂಮಪ್ಪನವರಿಗೆ ತಾವು ಆ ಮನೆಗೆ ಬಂದ ಅತಿಥಿ ಎನಿಸುತ್ತದೆ. ತುಳುವಿನಲ್ಲಿ ಒಂದೇ ಒಂದು ಮಾತು ಆಡಲಿ, ಸಾಕು ಎಂದು ಕಾಯುತ್ತಿದ್ದಾರೆ.

ಹಳೆಯದನ್ನೆಲ್ಲ ತೋರಿಸುತ್ತಿರಿ ಎಂದು ಬಡಾವಣೆಯ ಡಾಕ್ಟರಮ್ಮ ಹೇಳಿದ್ದಳು. ಒಂದು ಭಾನುವಾರ ಪೂಜಿತಾ ಟಿವಿಯಲ್ಲಿ ಅಪ್ಪನ ಹಳೆಯ ಸಿನಿಮಾ ಹಾಕಿದಳು. ಡಾಕ್ಟರ್ ಬಾಗಿಲು ತೆರೆದು ಬಂದದ್ದೇ ತಡ, ರಾಜೀವಿಯಮ್ಮನ ಮುಖ ಅರಳಿತು.

"ಇವರು ನಮ್ಮ ಯಜಮಾನ್ರು!" ಎಂದು ಪಕ್ಕದಲ್ಲಿದ್ದ ದೂಮಪ್ಪನವರಿಗೇ ಪರಿಚಯ ಮಾಡಿಸಿದರು. ಮರುಕ್ಷಣ ಹುಬ್ಬು ಗಂಟಾಯಿತು. "ಆದ್ರೆ ಸ್ವರ ಅವರದ್ದಲ್ಲ ಮಾರಾಯ್ರೆ. ಯಾರದ್ದೋ ಹಾಕಿದ್ದಾರೆ."

ಗಂಡನನ್ನು ಮರೆತರೂ ಆ ಡಬ್ಬಿಂಗ್ ಜಗಳವನ್ನು ಮರೆತಿರಲಿಲ್ಲ. ಪೂಜಿತಾ ಸಿನಿಮಾ ನಿಲ್ಲಿಸಿ ಅಪ್ಪನ ಕಡೆ ನೋಡಿದಳು.

ದೂಮಪ್ಪನವರು ಎದ್ದು ನಿಂತರು. ಕನ್ನಡಕ ತೆಗೆದರು. "ನಮ್ಮ ಕೈಲಾದದ್ದೆಲ್ಲ ಮಾಡಿದ್ದೇವೆ, ಇನ್ನು ದೇವರಿದ್ದಾನೆ" ಎಂದರು, ಕರಾವಳಿಯ ರಾಗ ಒಂದಿಷ್ಟೂ ಮುಚ್ಚಿಡದೆ.

ರಾಜೀವಿಯಮ್ಮನ ಕಣ್ಣು ತುಂಬಿತು. ಗಂಡನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬಂತು, ಈಗ ತುಳು ಬಂತು ಎಂದು ದೂಮಪ್ಪನವರು ಹೆಂಡತಿಯ ತುಟಿಯನ್ನೇ ನೋಡಿದರು.

"ಎಷ್ಟು ಚಂದ ಹೇಳಿದ್ರಿ!" ಎಂದರು ರಾಜೀವಿಯಮ್ಮ, ಅಚ್ಚ ಕನ್ನಡದಲ್ಲಿ. "ಅವರದ್ದೇ ಸ್ವರ, ಒಂಚೂರೂ ವ್ಯತ್ಯಾಸ ಇಲ್ಲ. ಅವರು ಶೂಟಿಂಗ್ ಮುಗಿಸಿ ಬರ್ಲಿ, ನಾನೇ ಹೇಳ್ತೇನೆ. ಇನ್ಮುಂದೆ ಅವರಿಗೆ ಡಬ್ಬಿಂಗ್ ನೀವೇ ಮಾಡ್ಬೇಕು."

"ಆಗಲಿ ಅಮ್ಮ, ಮಾಡ್ತೇನೆ" ಎಂದರು ದೂಮಪ್ಪನವರು, ಅವರೂ ಕನ್ನಡದಲ್ಲಿಯೇ.