ಹಗಲಿನ ಅಳತೆಗೆ ಮಾಡಿದ ಸೋಫಾ ಟೇಬಲ್

ನನ್ನ ಗಂಡ ಯಾವ ವಸ್ತುವನ್ನೂ ಎಸೆಯುವುದಿಲ್ಲ. ಇದನ್ನು ಒಳ್ಳೆಯ ಗುಣ ಎಂದುಕೊಳ್ಳುವವರು ಒಮ್ಮೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ನಿಂತು ನೋಡಬೇಕು, ನಿಲ್ಲಲು ಜಾಗ ಸಿಕ್ಕರೆ. ಹೋದ ವರ್ಷ ಅಡುಗೆಮನೆಗೆ ಹೊಸ ಕಪಾಟು, ಹಾಲಿಗೆ ಟಿವಿ ಯೂನಿಟ್ಟು ಮಾಡಿಸಿದೆವು. ಹಳೆಯ ಸಾಗುವಾನಿ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿದೆವು. ಕೆಲಸ ಮುಗಿಸಿದವರು ಕಸ ತೆಗೆದುಕೊಂಡು ಹೋಗುತ್ತೇವೆ ಎಂದಾಗ ಇವರು ಬಾಗಿಲಿಗೆ ಅಡ್ಡ ನಿಂತು, ಕಸ ಬೇರೆ, ಮರ ಬೇರೆ ಎಂದು ಒಂದು ಉಪನ್ಯಾಸ ಕೊಟ್ಟರು. ಕಿಟಕಿ ಚೌಕಟ್ಟುಗಳು, ಪ್ಲೈವುಡ್ಡಿನ ತುಂಡುಗಳು, ಭಿವಂಡಿಯ ಗೋದಾಮಿನಿಂದ ಬಂದ ಫ್ರಿಜ್ಜಿಗೆ ಕಟ್ಟಿದ್ದ ಹಲಗೆಗಳು, ಎಲ್ಲವೂ ಗ್ಯಾಲರಿ ಸೇರಿದವು. ನಾನು ಬಟ್ಟೆ ಒಣಹಾಕಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕಿತ್ತು. ನನ್ನ ವಯಸ್ಸಿಗೆ, ನನ್ನ ಹೊಟ್ಟೆಗೆ, ಅದು ಆಗುವ ಕೆಲಸವಲ್ಲ.

"ಬೇಕಾಗುತ್ತೆ ಕಣೇ," ಎನ್ನುತ್ತಿದ್ದರು ಇವರು. ಯಾವಾಗ, ಯಾತಕ್ಕೆ ಎಂದು ಕೇಳಿದರೆ ಮತ್ತೆ "ಬೇಕಾಗುತ್ತೆ" ಎನ್ನುವುದೇ ಉತ್ತರ. ಮೈಸೂರಿನಿಂದ ಬಂದು ಮುಂಬಯಿ ಫೋರ್ಟಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದ ಮನುಷ್ಯ. ಅಷ್ಟು ವರ್ಷ ಅವರ ಕೈ ಹಿಡಿದದ್ದು ಪೆನ್ನು ಮತ್ತು ಲೋಕಲ್ ಟ್ರೇನಿನ ಹಿಡಿಕೆ. ಮೊಳೆ ಹೊಡೆಯಬೇಕಾದರೂ ಎದುರುಮನೆಯವರನ್ನು ಕರೆಯುತ್ತಿದ್ದ ಈ ಮಹಾನುಭಾವರು ಒಂದು ದಿನ ಬಡಗಿಯಾಗುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದದ್ದು ಮಗಳ ಕಾರಣದಿಂದ. ಅವಳ ಆಫೀಸು ನವಿ ಮುಂಬಯಿಯ ಐರೋಲಿಯಲ್ಲಿ. ವಾರದಲ್ಲಿ ಕೆಲವು ದಿನ ಹೋಗಬೇಕು, ಉಳಿದ ದಿನ ಮನೆಯಿಂದಲೇ ಕೆಲಸ. ಹೋಗುವ ದಿನಗಳ ಕಷ್ಟ ಡೊಂಬಿವಲಿಯವರಿಗೆ ಹೇಳಬೇಕಾಗಿಲ್ಲ. ಲೋಕಲ್ ಟ್ರೇನಿನಲ್ಲಿ ದಿವಾ ಸ್ಟೇಷನ್ನು ಬರುವ ಹೊತ್ತಿಗೆ ತನ್ನ ಕೈ ಯಾವುದು, ಪಕ್ಕದವಳ ಕೈ ಯಾವುದು ಎಂದು ಗೊತ್ತಾಗದಷ್ಟು ಜನ. ಆಮೇಲೆ ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಓಡಿ, ಇನ್ನೊಂದು ಗಾಡಿ. ಮನೆಯಲ್ಲಿ ಕೂತ ದಿನಗಳ ಕಷ್ಟ ಇನ್ನೂ ಹೆಚ್ಚು. ನಮ್ಮದು ಒಂದು ಮಲಗುವ ಕೋಣೆ, ಒಂದು ಹಾಲು, ಒಂದು ಅಡುಗೆಮನೆ. ಲ್ಯಾಪ್‌ಟಾಪು ಇಸ್ತ್ರಿ ಮೇಜಿನ ಮೇಲೆ ಶುರುವಾಗಿ, ನಮ್ಮ ಮಂಚಕ್ಕೆ ಬಂದು, ಕೊನೆಗೆ ಅಡುಗೆಮನೆಯ ಕಟ್ಟೆಗೆ ತಲುಪುತ್ತಿತ್ತು. "ಅಮ್ಮಾ, ಮೀಟಿಂಗ್ ಮೇ ಕುಕ್ಕರ್ ಮತ್ ಲಗಾ ನಾ," ಎಂದು ಅವಳು ಬೇಡಿಕೊಳ್ಳುವುದು, ಬೇಳೆ ಬೇಯದೆ ನಿನಗೆ ಸಾರು ಎಲ್ಲಿಂದ ತರಲಿ ಎಂದು ನಾನು ಕೂಗುವುದು, ಅದನ್ನು ಅವಳ ಮ್ಯಾನೇಜರು ಕೇಳಿಸಿಕೊಳ್ಳುವುದು. ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಜಗಳ ಮಾತ್ರ ಎರಡು ಭಾಷೆಯಲ್ಲೂ ಸರಾಗವಾಗಿ ನಡೆಯುತ್ತದೆ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತ ಹೇಳಿದಳು. ಐರೋಲಿಯಲ್ಲಿ ಆಫೀಸಿನ ಗೆಳತಿಯ ಕೋಣೆಯಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಆಫೀಸಿಗೆ ನಡೆದುಕೊಂಡೇ ಹೋಗಬಹುದು. "ಮೈ ಸೋಚ್ ರಹೀ ಹೂಂ," ಎಂದಳು. ಅವಳು ಯೋಚಿಸುತ್ತಿದ್ದೇನೆ ಎಂದರೆ ಯೋಚಿಸಿ ಆಗಿದೆ ಎಂದು ನನಗೆ ಗೊತ್ತು. ನಾನು ಅನ್ನ ಬಡಿಸುವ ಕೈಯನ್ನು ಅಲ್ಲೇ ನಿಲ್ಲಿಸಿ ನನಗೆ ಬಂದಷ್ಟು ಮಾತು ಆಡಿದೆ: ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಕೋಣೆಯೇ, ಜನ ಏನಂದಾರು, ಊಟಕ್ಕೇನು ಮಾಡುತ್ತೀಯ. ಇವರು ಮಾತ್ರ ಕೈತೊಳೆದು ಗ್ಯಾಲರಿಗೆ ಹೋಗಿ ಮರದ ರಾಶಿಯ ಮುಂದೆ ನಿಂತರು.

ಮರುದಿನ ಬೆಳಿಗ್ಗೆ ಕಾಫಿಗೆ ಕೂತಾಗ ಘೋಷಣೆ ಹೊರಟಿತು. "ಸೋಫಾ ಟೇಬಲ್ ಮಾಡ್ತೀನಿ."

"ಹಾಗಂದ್ರೆ?"

ಫೋನು ತೋರಿಸಿದರು. ಯಾವುದೋ ದೇಶದ ಯಾವುದೋ ಮನೆ. ಹಾಲಿನ ನಟ್ಟನಡುವೆ ಸೋಫಾ. ಅದರ ಬೆನ್ನಿಗೆ ಒತ್ತಿಕೊಂಡಂತೆ ಒಂದು ಕಿರಿದಾದ ಉದ್ದನೆಯ ಮೇಜು, ಅದರ ಹಿಂದೆ ಸ್ಟೂಲು. ಗಡ್ಡದ ಮನುಷ್ಯನೊಬ್ಬ ಉಳಿದ ಮರದ ಚೂರುಗಳಿಂದ ಅದನ್ನು ನಗುನಗುತ್ತಾ ಮಾಡಿ ಮುಗಿಸುತ್ತಾನೆ. ಅವನ ಕಾರ್ಖಾನೆಯೇ ನಮ್ಮ ಇಡೀ ಬಿಲ್ಡಿಂಗಿನಷ್ಟಿದೆ. ನಮ್ಮಲ್ಲಿ ಸೋಫಾದ ಹಿಂದೆ ಇರುವುದು ಗೋಡೆ, ಗೋಡೆಯ ಹಿಂದೆ ಪಕ್ಕದ ಮನೆಯವರ ಸೋಫಾ. ಹೀಗೆಂದು ನಾನು ಹೇಳಿದೆ.

"ಸೋಫಾ ಮುಂದಕ್ಕೆ ಎಳೆದ್ರಾಯ್ತು. ಅವಳಿಗೆ ಕೂತು ಕೆಲಸ ಮಾಡೋಕೆ ಒಂದು ಜಾಗ ಅಂತ ಬೇಡ್ವಾ?" ಎಂದರು. ಮಗಳು ಹೋಗಬಾರದು ಎನ್ನುವ ಮಾತನ್ನು ಮನುಷ್ಯರು ಬಾಯಿ ಬಿಟ್ಟು ಹೇಳುತ್ತಾರೆ. ನನ್ನ ಗಂಡ ಅದನ್ನು ಸಾಗುವಾನಿಯಲ್ಲಿ ಹೇಳಲು ಹೊರಟಿದ್ದರು.

ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಗರಗಸ, ಉಳಿ, ಹತ್ತರಿ ಎಲ್ಲ ಎಲ್ಲಿಂದಲೋ ಕೇಳಿ ತಂದರು. ಹಾಲಿನ ತುಂಬ ಮರದ ಹೊಟ್ಟು. ಹಾಲಿನ ಪಾತ್ರೆಯಲ್ಲೂ ಅದೇ. ಕಿಟಕಿಯ ಚೌಕಟ್ಟಿನಲ್ಲಿ ಮೊಳೆ ಇದ್ದ ತೂತುಗಳನ್ನು ಮುಚ್ಚಲು ಹೊಟ್ಟಿಗೆ ಗೋಂದು ಕಲಸಿ ತುಂಬಿದರು, ಕಲಸಲು ತೆಗೆದುಕೊಂಡದ್ದು ನನ್ನ ಉಪ್ಪಿನಕಾಯಿ ಚಮಚ. ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮಧ್ಯಾಹ್ನದ ನಿದ್ದೆ ಕೆಟ್ಟು ಬಾಗಿಲಿಗೆ ಬಂದು, "ಕಾಕಾ, ದುಪಾರೀ ಆವಾಜ್ ನಕೋ," ಎಂದು ಕೈಮುಗಿದು ಹೋದ. ಮಧ್ಯಾಹ್ನ ಸದ್ದು ಮಾಡಬಾರದು ಎಂಬ ನಿಯಮ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಪಾಲಿಸುವ ಏಕೈಕ ನಿಯಮ. ಇವರು ಅದನ್ನೂ ಗೌರವಿಸಿದರು: ಆ ಹೊತ್ತಿನಲ್ಲಿ ಉಪ್ಪುಕಾಗದ ಹಿಡಿದು ಮೆಲ್ಲಗೆ ಉಜ್ಜುತ್ತ ಕೂತರು. ಆ ಕರಕರ ಸದ್ದು ಕೇಳುವ ಬದಲು ಸುತ್ತಿಗೆಯೇ ವಾಸಿ ಎಂದು ನನಗೆ ಅನ್ನಿಸಿತು.

ಎದುರುಮನೆಯಲ್ಲಿ ಉಡುಪಿ ಕಡೆಯವರೊಬ್ಬರು ಇದ್ದಾರೆ. ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಜಗತ್ತಿನ ಎಲ್ಲ ಮೇಜುಗಳನ್ನೂ ಅವರು ತಿಂಡಿಯ ಲೆಕ್ಕದಲ್ಲಿ ನೋಡುತ್ತಾರೆ. ಬಾಗಿಲಲ್ಲೇ ನಿಂತು ಬಹಳ ಹೊತ್ತು ಗಮನಿಸಿ ಕೇಳಿದರು:

"ಎಂಥದ್ದು ಮಾರಾಯ್ರೇ ಇದು? ಸೋಫಾದ ಎದುರು ಟೇಬಲ್ ಇಡುದು ನೋಡಿದ್ದೇನೆ. ಹಿಂದೆ ಇಡುದು ಈಗಲೇ ಕೇಳುದು. ಬೆನ್ನಿಗೆ ಚಾ ಕುಡಿಸ್ಲಿಕ್ಕುಂಟಾ?"

"ಮಗಳಿಗೆ," ಎಂದರು ಇವರು, ತಲೆಯೆತ್ತದೆ.

"ಓ, ಮಗಳಿಗಾ," ಎಂದು ಅವರು ನಗುವುದನ್ನು ನಿಲ್ಲಿಸಿ ಒಳಗೆ ಬಂದು, ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡರು. ಆ ದಿನ ಇಬ್ಬರಿಗೂ ನಾನೇ ಚಹಾ ಕೊಡಬೇಕಾಯಿತು. ಎದುರಿಗೆ ಇಡಲು ಟೇಬಲು ಇಲ್ಲದ್ದರಿಂದ ನೆಲದ ಮೇಲೆ ಇಟ್ಟೆ.

ಇವರ ಅಳತೆಯ ಸಂಭ್ರಮವೇ ಬೇರೆ. ಗೋಡೆಯಿಂದ ಟಿವಿ ಯೂನಿಟ್ಟಿನವರೆಗೆ ಟೇಪು ಹಿಡಿದು, ಸ್ಟೂಲಿಗೆ ಇಷ್ಟು, ಮೇಜಿಗೆ ಇಷ್ಟು, ಸೋಫಾಕ್ಕೆ ಇಷ್ಟು, ನಡೆಯಲು ಇಷ್ಟು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಲೆಕ್ಕ ತಾಳೆಯಾದಾಗ ಮುಖದಲ್ಲಿ ಹಳೆಯ ಆಫೀಸಿನ ಕಳೆ ಬಂತು. ಗೆರೆಗಳನ್ನು ಒರೆಸಬಾರದು ಎಂದು ಆಜ್ಞೆಯಾಯಿತು. ನಾನು ನೆಲ ಒರೆಸುವಾಗ ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಕುಂಟಾಬಿಲ್ಲೆಯ ಮನೆಗಳನ್ನು ದಾಟಿದ ಹಾಗೆ ಕುಪ್ಪಳಿಸಿದೆ.

ಮಗಳು ಈ ನಡುವೆ ಐರೋಲಿಯ ಮಾತೇ ಎತ್ತಲಿಲ್ಲ. ಆಫೀಸಿನಿಂದ ಬಂದವಳು ಚೀಲ ಇಟ್ಟು, ಅಪ್ಪನ ಪಕ್ಕ ಕೂತು, "ಯೇ ಕ್ಯಾ ಬನಾ?" ಎಂದು ಕೇಳುತ್ತಿದ್ದಳು. ಇವರು ಆ ದಿನದ ಸಾಧನೆ ವಿವರಿಸುತ್ತಿದ್ದರು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾದದ್ದನ್ನೂ ಸಾಧನೆಯ ಪಟ್ಟಿಗೇ ಸೇರಿಸಿದ್ದರು. ಇನ್ನು ಇವಳು ಹೋಗುವುದಿಲ್ಲ ಎಂದು ನನಗೂ ಧೈರ್ಯ ಬಂತು. ಮೇಜನ್ನು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಕೊನೆಗೂ ಒಂದು ಭಾನುವಾರ ಬೆಳಿಗ್ಗೆ ಅದು ಎದ್ದು ನಿಂತಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಪಾಲಿಶು ಬಿದ್ದ ಹಳೆಯ ಸಾಗುವಾನಿಗೆ ಜೇನಿನ ಬಣ್ಣ ಬಂದಿತ್ತು. ಸೋಫಾ ಮುಂದೆ ಎಳೆದು, ಹಿಂದೆ ಮೇಜಿಟ್ಟು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಅವಳ ಬೆನ್ನ ಹಿಂದೆ ಖಾಲಿ ಗೋಡೆ. ಕ್ಯಾಮೆರಾದಲ್ಲಿ ನನ್ನ ನೈಟಿ, ಒಣಹಾಕಿದ ಟವೆಲು ಯಾವುದೂ ಕಾಣುವುದಿಲ್ಲ. ಅವಳು ಗೋಡೆಯ ಮುಂದೆ ಕೂತ ತನ್ನ ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು. ಎದುರುಮನೆಯವರು ಬಂದು ಮೇಜನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಗಟ್ಟಿ ಉಂಟು," ಎಂದು ಸರ್ಟಿಫಿಕೇಟು ಕೊಟ್ಟರು. ನಾನು ಪಾಯಸ ಮಾಡಿದೆ.

ಊಟವಾದ ಮೇಲೆ ಮಗಳು ಸ್ವಲ್ಪ ಮಲಗುತ್ತೇನೆ ಎಂದು ಸೋಫಾದ ಕೆಳಭಾಗ ಹಿಡಿದು ಎಳೆದಳು. ನಮ್ಮ ಸೋಫಾ ಸೋಫಾ-ಕಮ್-ಬೆಡ್. ಹಗಲು ಸೋಫಾ, ರಾತ್ರಿ ಅವಳ ಹಾಸಿಗೆ, ಅವಳು ಕಾಲೇಜು ಸೇರಿದಾಗಿನಿಂದ. ಅದು ಅರ್ಧ ಬಂದು ಟಿವಿ ಯೂನಿಟ್ಟಿಗೆ ಢಬ್ಬೆಂದು ಗುದ್ದಿ ನಿಂತಿತು.

"ಅಪ್ಪಾ, ಖುಲ್ ನಹೀ ರಹಾ."

ಇವರು ಬಂದು ಎಳೆದರು. ನಾನೂ ಎಳೆದೆ. ಟಿವಿ ಯೂನಿಟ್ಟು ಗೋಡೆಗೆ ಸ್ಕ್ರೂ ಹಾಕಿದ್ದು, ಅದು ಸರಿಯುವ ವಸ್ತುವಲ್ಲ. ಇವರು ಟೇಪು ತಂದರು. ಅಳೆದು ನೋಡಿ, ಟೇಪನ್ನು ಹಾಗೇ ಕೈಯಲ್ಲಿ ಹಿಡಿದು ಅರ್ಧ ತೆರೆದ ಹಾಸಿಗೆಯ ಮೇಲೆ ಕೂತುಬಿಟ್ಟರು. ಮುಂಬಯಿ ಕಡೆಯ ಮನೆಗಳಿಗೆ ಹಗಲಿನ ನಕ್ಷೆ ಒಂದು, ರಾತ್ರಿಯ ನಕ್ಷೆ ಇನ್ನೊಂದು. ಇಷ್ಟು ವರ್ಷ ಇಲ್ಲಿ ಬಾಳಿದ ಲೆಕ್ಕದ ಮನುಷ್ಯ ಹಗಲನ್ನು ಮಾತ್ರ ಅಳೆದಿದ್ದರು. ಮಗಳನ್ನು ಉಳಿಸಿಕೊಳ್ಳಲು ಮೇಜು ಮಾಡಿ ಅವಳ ಹಾಸಿಗೆಯನ್ನೇ ಕಿತ್ತುಕೊಂಡಿದ್ದರು. ನನಗೆ ನಗು ಉಕ್ಕಿ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ಏನಿಲ್ಲ ಬಿಡು, ರಾತ್ರಿ ಟೇಬಲ್ ಎತ್ತಿ ಅಡುಗೆಮನೇಲಿ ಇಟ್ರಾಯ್ತು," ಎಂದರು.

ಹಾಗೇ ನಡೆಯಿತು. ದಿನಾ ಊಟವಾದ ಮೇಲೆ ಆ ಕಡೆ ಅವರು, ಈ ಕಡೆ ನಾನು. ಸಾಗುವಾನಿಯ ಭಾರ ಹೊತ್ತವರಿಗೇ ಗೊತ್ತು. ಸೋಫಾ ಹಿಂದಕ್ಕೆ ಗೋಡೆಗೆ ಸರಿದರೆ ಮೇಜು ಫ್ರಿಜ್ಜಿನ ಬಾಗಿಲಿಗೆ ಅಡ್ಡ ಕೂರುತ್ತಿತ್ತು. ಆಮೇಲೆ ಬೆಳಿಗ್ಗೆವರೆಗೆ ಹಾಲು, ಮೊಸರು, ದೋಸೆ ಹಿಟ್ಟು ಎಲ್ಲ ಬಂದೀಖಾನೆಯಲ್ಲಿ. ಬೆಳಗಾದರೆ ಮತ್ತೆ ಮೆರವಣಿಗೆ. ಮಗಳು ಎತ್ತಲು ಬಂದರೆ ಇವರು ಬಿಡುತ್ತಿರಲಿಲ್ಲ. "ನೀನು ಟ್ರೇನಲ್ಲಿ ಸುಸ್ತಾಗಿರ್ತೀಯ, ಬಿಡು," ಎನ್ನುತ್ತ ಬೆನ್ನು ಹಿಡಿದುಕೊಂಡು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇವರು ಹಾಲು ತರಲು ಹೋದಾಗ ಅವಳು ಅಡುಗೆಮನೆಗೆ ಬಂದು ನಿಂತಳು. "ಅಮ್ಮಾ, ಮೈ ಜಾ ರಹೀ ಹೂಂ. ಅಪ್ಪಾ ಕೀ ಕಮರ್ ಟೂಟ್ ಜಾಯೇಗೀ."

ಅಪ್ಪನ ಸೊಂಟ ಮುರಿಯುತ್ತದೆಂದು ಇವಳು ಹೊರಡುತ್ತಾಳಂತೆ! ನಾನು ಸಿಟ್ಟಿನಿಂದ ಚಮಚ ಕುಕ್ಕಿದೆ. "ನೀನು ಹೋಗಬಾರದು ಅಂತಲೇ ಕಣೇ ಅವರು ಅದನ್ನ ಮಾಡಿದ್ದು!"

"ಪತಾ ಹೈ," ಎಂದಳು. ಅವಳಿಗೆ ಗೊತ್ತಿತ್ತು. ಗೆಳತಿಗೆ ಬರುತ್ತೇನೆ ಎಂದು ಹೇಳಿದ್ದು ಇವರು ಮೊದಲ ಹಲಗೆ ಕೊಯ್ಯುವ ಮುಂಚೆಯೇ. ಆಮೇಲೆ ಅಪ್ಪ ಇಷ್ಟು ಖುಷಿಯಲ್ಲಿ ಇದ್ದದ್ದನ್ನು ನೋಡಿ ಹೇಳಲು ಬಾಯಿ ಬರಲಿಲ್ಲವಂತೆ. ಪಾಲಿಶು ಒಣಗಲಿ, ಆಮೇಲೆ ಹೇಳೋಣ ಎಂದು ದಿನ ಮುಂದೂಡುತ್ತ ಬಂದಿದ್ದಳು. ನನ್ನ ಸಿಟ್ಟನ್ನು ಇಡಲು ಜಾಗವೇ ಇಲ್ಲದಂತಾಯಿತು.

ಇವರಿಗೆ ಅವಳೇ ಹೇಳಿದಳು. ಇವರು ಹಾಲಿನ ಪೊಟ್ಟಣ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡರು. "ಅಲ್ಲಿ ಟೇಬಲ್ ಇದೆಯಾ?" ಎಂದು ಕೇಳಿದರು. ಇಲ್ಲ ಎಂದಳು. "ಇದನ್ನ ತಗೊಂಡು ಹೋಗು," ಎಂದು ಹಾಲು ಇಟ್ಟು, ಕಾಲುಗಳ ಸ್ಕ್ರೂ ಬಿಚ್ಚಲು ಕೂತರು. ಬಿಚ್ಚದಿದ್ದರೆ ಅದು ಲಿಫ್ಟಿನೊಳಗೆ ಹೋಗುತ್ತಿರಲಿಲ್ಲ. ನನಗೆ ಆ ಹೊತ್ತಿಗೆ ಇಬ್ಬರ ಮೇಲೂ ಕೋಪ ಬಂತು. ಇಷ್ಟು ಬೈದ ಮೇಲೆ ನನಗೂ ಆ ಮೇಜಿನ ಮೇಲೆ ಒಂದು ಹಕ್ಕು ಬಂದಿತ್ತು, ಅದನ್ನು ಯಾರೂ ಕೇಳಲಿಲ್ಲ.

ಐರೋಲಿಯ ಕೋಣೆಗೆ ಟೆಂಪೋದಲ್ಲಿ ಮೂವರೂ ಹೋದೆವು. ಕಿಟಕಿ ದೊಡ್ಡದು, ಕೋಣೆ ಚಿಕ್ಕದು. ಒಂದು ಪಕ್ಕ ಗೆಳತಿಯ ಹಾಸಿಗೆ, ಇನ್ನೊಂದು ಪಕ್ಕ ನೆಲದ ಮೇಲೆ ಸುತ್ತಿಟ್ಟ ಇವಳ ಹೊಸ ಗಾದಿ. "ಅಪ್ಪಾ, ಯಹಾಂ ರಖೋ ನಾ, ವಿಂಡೋ ಕೇ ಪಾಸ್," ಎಂದು ಅವಳು ಕಿಟಕಿ ತೋರಿಸಿದಳು.

ಇವರು ಮೇಜಿನ ಹಲಗೆಯನ್ನು ಗೋಡೆಗೆ ಒರಗಿಸಿ ಜೇಬಿನಿಂದ ಟೇಪು ತೆಗೆದರು. "ಮೊದಲು ಗಾದಿ ಹಾಸು."

ಹಾಸಿದಳು.

"ಮಲಕ್ಕೋ."

"ಕ್ಯಾ ಅಪ್ಪಾ!"

"ಮಲಕ್ಕೋಮ್ಮ. ಕೈಕಾಲು ಸರಿಯಾಗಿ ಚಾಚಿ ಮಲಕ್ಕೋ. ಟೇಬಲ್ ಆಮೇಲೆ."

ಅವಳು ನಗುತ್ತ ಮಲಗಿದಳು. ಇವರು ಮಂಡಿಯೂರಿ, ಅವಳ ಅಂಗಾಲಿನಿಂದ ಗೋಡೆಯವರೆಗೆ ಟೇಪು ಹಿಡಿದರು. ಮಗ್ಗುಲು ತಿರುಗು ಎಂದರು, ತಿರುಗಿದಳು, ಮತ್ತೆ ಅಳೆದರು. ಮೇಜು ಒಂದು ಗೇಣು ಹೆಚ್ಚು ಬಂತು. ಇವರು ಆ ಪಾಲಿಶಿನ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿ, ಚೀಲದಿಂದ ಗರಗಸ ತೆಗೆದು, ಈ ತುದಿ ಹಿಡಿ ಎಂದು ನನಗೆ ಸನ್ನೆ ಮಾಡಿದರು. ಹಿಡಿದೆ. ನನ್ನ ಕಣ್ಣು ತುಂಬಿ ಗೆರೆ ಕಾಣಿಸಲಿಲ್ಲ. ಅಳತೆ ಮುಗಿದಿತ್ತು, ಆದರೂ ಅವಳು ಏಳಲಿಲ್ಲ. ಇವರೂ ಏಳು ಎನ್ನಲಿಲ್ಲ.